ಯಾವ ಪುಸ್ತಕ ಒಯ್ಯಲಿ ಅಂತ ಕೇಳಿದ ಗೆಳೆಯನಿಗೆ

ಮೈಸೂರು

ಪ್ರೀತಿಯ ಗೆಳೆಯ,

ನಾವೆಲ್ಲ ಚೆನ್ನಾಗಿದ್ದೀವಿ. ಮಂಡ್ಯದ ಮನೆ ಖಾಲಿ ಮಾಡಿ ಮಗಳ ಜೊತೆ ಇರೋಕೆ ಬೆಂಗಳೂರಿಗೆ ಹೊರಟಿದ್ದೀಯ. ಅಲ್ಲಿ ನಿನ್ನ ಪುಸ್ತಕಕ್ಕೆ ಅಂತ ಸಿಗೋದು ಟಿವಿ ಪಕ್ಕದ ಒಂದು ಸಣ್ಣ ಕಪಾಟು. ‘ಯಾವುದನ್ನ ಒಯ್ಯಲಿ, ಯಾವುದನ್ನ ಊರಿನ ಪಂಚಾಯ್ತಿ ಲೈಬ್ರರಿಗೆ ಕೊಡಲಿ, ನೀನೇ ಹೇಳು’ ಅಂದೆಯಲ್ಲ, ಫೋನಲ್ಲಿ ಹೇಳೋಣ ಅಂದ್ರೆ ನಮ್ಮ ಮಾತು ಐದು ನಿಮಿಷಕ್ಕೆಲ್ಲ ಕಬ್ಬಿನ ರೇಟು, ನಾಲೆ ನೀರು ಅಂತ ಎಲ್ಲೆಲ್ಲೋ ಹೋಗಿಬಿಡುತ್ತೆ. ಅದಕ್ಕೇ ಬರೀತಿದ್ದೀನಿ.

ಮತ್ತೆ ಓದೋವಂಥದ್ದನ್ನ ಮಾತ್ರ ಒಯ್ಯಿ. ಪ್ರಶಸ್ತಿ ಬಂದದ್ದು, ದಪ್ಪ ಇರೋದು, ನಿವೃತ್ತಿ ದಿನ ಶಾಲು ಹಾರದ ಜೊತೆ ಕೈಗೆ ಕೊಟ್ಟದ್ದು ಯಾವುದೂ ಲೆಕ್ಕಕ್ಕೆ ಬರಬಾರದು. ಭೈರಪ್ಪನವರ ‘ಪರ್ವ’ ಎಷ್ಟು ದೊಡ್ಡ ಕೆಲಸ ಅಂತ ನನಗೂ ಗೊತ್ತು. ಆದ್ರೆ ಒಮ್ಮೆ ಓದಿ ಮುಗಿಸಿದ ಮೇಲೆ ಅದರ ಹತ್ರ ಹೋಗೋಕೆ ನನಗೆ ಮನಸ್ಸಾಗಿಲ್ಲ. ಗೌರವ ಬೇರೆ, ಸಲಿಗೆ ಬೇರೆ ಕಣೋ. ನೀನು ಇದಕ್ಕೆ ಜಗಳ ತೆಗೀತೀಯ ಅಂತ ಗೊತ್ತಿದ್ದೇ ಬರೆದಿದ್ದೀನಿ.

ಸಲಿಗೆ ಹೇಗೆ ಹುಟ್ಟುತ್ತೆ ಅಂತ ನಾನು ಬಹಳ ಯೋಚನೆ ಮಾಡಿದ್ದೀನಿ. ಮೊದಲ ಓದಿನಲ್ಲಿ ನಾವು ಕಥೆಯ ಬೆನ್ನು ಹತ್ತಿ ಓಡ್ತಿರ್ತೀವಿ. ಮುಂದೇನಾಯ್ತು, ಯಾರು ಸತ್ತರು, ಮದುವೆ ಆಯ್ತೋ ಇಲ್ಲವೋ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನ ಹೈಸ್ಕೂಲಿನಲ್ಲಿ ಬೆಂಚಿನ ಕೆಳಗೆ ಇಟ್ಟುಕೊಂಡು ಓದಿದ್ದು ಹಾಗೇ ಅಲ್ವಾ? ಗುಟ್ಟು ಒಡೆದ ಮೇಲೆ ಅವುಗಳ ಕೆಲಸ ಮುಗೀತು, ಮುಂದಿನ ಹುಡುಗನ ಕೈಗೆ ದಾಟಿಸಿದ್ವಿ. ಅದರಲ್ಲಿ ತಪ್ಪೇನಿಲ್ಲ, ನಮಗೆ ಓದಿನ ಚಟ ಹಿಡಿಸಿದ್ದೇ ಅವು. ಆದ್ರೆ ಕೆಲವು ಪುಸ್ತಕದಲ್ಲಿ ಲೇಖಕರು ಕಥೆಗೆ ಅಷ್ಟೇನೂ ಬೇಕಾಗಿಲ್ಲದ ಜನರ ಮೇಲೂ, ನಾಯಿ ನರಿಗಳ ಮೇಲೂ ಅಕ್ಕರೆ ಸುರಿದಿರ್ತಾರೆ. ಓಡೋ ಭರದಲ್ಲಿ ಅವರು ನಮ್ಮ ಕಣ್ಣಿಗೆ ಬೀಳೋದಿಲ್ಲ. ಅಂಥವರು ಜಾಸ್ತಿ ಇರೋ ಪುಸ್ತಕ ಒಯ್ಯಿ.

ಹಾಗಾಗಿ ಮೊದಲ ಜಾಗ ‘ಮಲೆಗಳಲ್ಲಿ ಮದುಮಗಳು’ಗೆ. ‘ಕಾನೂರು ಹೆಗ್ಗಡಿತಿ’ ಬಂದದ್ದು 1936ರಲ್ಲಿ, ಇದು ಬಂದದ್ದು 1967ರಲ್ಲಿ. ಮಧ್ಯೆ ಮೂವತ್ತೊಂದು ವರ್ಷ. ಅಷ್ಟರಲ್ಲಿ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಬರೆದಾಗಿತ್ತು, ಇಲ್ಲಿನ ವಿಶ್ವವಿದ್ಯಾನಿಲಯದ ಕುಲಪತಿ ಆಗಿ ಮಾನಸಗಂಗೋತ್ರಿ ಕಟ್ಟಿಸಿ ನಿವೃತ್ತರೂ ಆಗಿದ್ರು. ಹೆಸರಿಗೋಸ್ಕರ ಬರೀಬೇಕಾದ ದರ್ದು ಯಾವುದೂ ಇರಲಿಲ್ಲ. ಆ ನಿರಾಳ ಪುಸ್ತಕದ ನಡಿಗೆಯಲ್ಲೇ ಕಾಣುತ್ತೆ. ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಅಂತ ಶುರುವಿನಲ್ಲೇ ಹೇಳ್ತಾರಲ್ಲ, ಕಾಲೇಜಿನಲ್ಲಿ ನಾವು ಅದನ್ನ ಚರ್ಚಾಸ್ಪರ್ಧೆಗೆ ಬಾಯಿಪಾಠ ಮಾಡಿದ್ವಿ. ಅದು ಭಾಷಣದ ಮಾತಲ್ಲ, ಆ ಪುಸ್ತಕ ಕಟ್ಟಿರೋ ರೀತಿನೇ ಅದು ಅಂತ ಮತ್ತೆ ಓದೋವಾಗಲೇ ಗೊತ್ತಾಗೋದು.

ಮೊದಲು ಓದಿದಾಗ ನನಗೆ ಚಿನ್ನಮ್ಮ, ಮುಕುಂದಯ್ಯನೇ ಎಲ್ಲ. ಚಿನ್ನಮ್ಮ ಮದುವೆ ಮನೆ ಬಿಟ್ಟು ರಾತ್ರಿ ಕಾಡು ಹೊಕ್ಕಾಗ ನಿದ್ದೆಗೆಟ್ಟು ಓದಿದ್ದೆ. ಆಮೇಲೆ ಗುತ್ತಿ, ತಿಮ್ಮಿ ಹತ್ತಿರದವರಾದ್ರು. ಆಮೇಲೆ ಐತ, ಪಿಂಚಲು. ಆ ಗಂಡ ಹೆಂಡಿರಿಗೆ ಗದ್ದೆ ತೋಟ ಒಂದೂ ಇಲ್ಲ, ಆದ್ರೂ ಇಡೀ ಕಾದಂಬರಿಯಲ್ಲಿ ಅವರಷ್ಟು ಸುಖವಾಗಿ ಸಂಸಾರ ಮಾಡಿದವರು ಇನ್ನೊಬ್ಬರಿಲ್ಲ. ಇತ್ತೀಚೆಗೆ ಗುತ್ತಿಯ ನಾಯಿ ಹುಲಿಯನ ದಾರಿ ಹಿಡಿದು ಓದ್ತಿದ್ದೀನಿ. ಆ ನಾಯಿ ಎಲ್ಲೆಲ್ಲಿ ಬರುತ್ತೆ, ಯಾರ ಅಂಗಳದಲ್ಲಿ ಏನಾಗುತ್ತೆ ಅಂತ ನೋಡ್ತಾ ಹೋಗು. ಯಾವ ಮನೆಯವರು ಗುತ್ತಿಯನ್ನ ಹೇಗೆ ನಡೆಸಿಕೊಳ್ತಾರೆ ಅನ್ನೋದು ಪಾಠ ಹೇಳದೇ ತಿಳಿಯುತ್ತೆ. ಉಕ್ಕಿ ಹರಿಯೋ ತುಂಗೆಯಲ್ಲಿ ಹುಲಿಯ ಕೊಚ್ಚಿಹೋಗೋ ಪುಟ ಹತ್ತಿರ ಬಂತು ಅಂದ್ರೆ ಈಗ ನಾನು ಬೇಕೂ ಅಂತ ನಿಧಾನ ಮಾಡ್ತೀನಿ. ಗೊತ್ತಿರೋ ಸಾವನ್ನ ಇನ್ನೊಂದು ದಿನ ಮುಂದೂಡೋದು ಅಷ್ಟೇ.

ಇದನ್ನ 2010ರಲ್ಲಿ ನಮ್ಮ ರಂಗಾಯಣದಲ್ಲಿ ರಾತ್ರಿಯಿಡೀ ಆಡಿಸಿದ್ರಲ್ಲ, ಬಸವಲಿಂಗಯ್ಯನವರು. ಅಷ್ಟು ಹೊತ್ತು ಯಾರು ಕೂರ್ತಾರೆ ಅಂದವರೂ ಕಂಬಳಿ ಹೊದ್ದು ಬೆಳಗಿನವರೆಗೂ ಕೂತಿದ್ರು. ಅವರಲ್ಲಿ ಎಷ್ಟೋ ಜನಕ್ಕೆ ಕಥೆ ಮೊದಲೇ ಗೊತ್ತಿತ್ತು.

‘ವಂಶವೃಕ್ಷ’ವನ್ನೂ ಒಯ್ಯಿ. ಭೈರಪ್ಪನವರದ್ದು ಒಂದೇ ಸಾಕು ಅಂದ್ರೆ ನನ್ನ ಓಟು ಇದಕ್ಕೆ. 1965ರ ಪುಸ್ತಕ. ನಂಜನಗೂಡು ರೈಲು ಹತ್ತಿ ಚಾಮರಾಜಪುರಂ, ಅಶೋಕಪುರಂ ದಾಟೋವಾಗೆಲ್ಲ ನನಗೆ ಕಾತ್ಯಾಯನಿ ನೆನಪಿಗೆ ಬರ್ತಾಳೆ. ಗಂಡನನ್ನ ಕಳಕೊಂಡ ಚಿಕ್ಕ ವಯಸ್ಸಿನ ಹೆಣ್ಣು, ಕಾಲೇಜಿಗೆ ಅಂತ ಮಾವ ಶ್ರೋತ್ರಿಯರ ಮನೆಯಿಂದ ಮೈಸೂರಿಗೆ ಇದೇ ದಾರಿಯಲ್ಲಿ ಓಡಾಡಿದವಳು. ರಾಜನನ್ನ ಮದುವೆಯಾದ ಮೇಲೆ ಅವಳಿಗೆ ಬಸಿರು ನಿಲ್ಲೋದಿಲ್ಲ, ಕೊರಗಿ ಕೊರಗಿ ಸಾಯ್ತಾಳೆ. ಆ ಶಿಕ್ಷೆ ನನಗೆ ಅವತ್ತೂ ಒಪ್ಪಿಗೆ ಆಗಲಿಲ್ಲ, ಇವತ್ತೂ ಇಲ್ಲ. ಮರುಮದುವೆಯಾದ ಹೆಣ್ಣು ಹಾಯಾಗಿ ಇದ್ದಿದ್ರೆ ಕಾದಂಬರಿಗೆ ಏನು ನಷ್ಟ ಆಗ್ತಿತ್ತು? ನೀನು ‘ಅದು ಲೇಖಕರ ತೀರ್ಪಲ್ಲ, ಅವಳ ಮನಸ್ಸಿನ ತೀರ್ಪು’ ಅಂತೀಯ. ಈ ವಾದ ನಮ್ಮಿಬ್ಬರಲ್ಲಿ ತೀರಿಲ್ಲ, ಅದಕ್ಕೇ ಪ್ರತಿ ಸಲ ನಿನಗೆ ಉತ್ತರ ಹುಡುಕೋಕೆ ಅಂತ ಪುಸ್ತಕ ತೆಗೀತೀನಿ. ತೆಗೆದಾಗ ಸಿಗೋದು ಮಾತ್ರ ನಾಗಲಕ್ಷ್ಮಿ. ಗಂಡ ಸದಾಶಿವರಾಯರು ಸಂಸ್ಕೃತಿಯ ಇತಿಹಾಸದ ಸಂಪುಟಗಳನ್ನ ಬರೀತಾ ಬರೀತಾ, ಸಿಂಹಳದಿಂದ ಬಂದ ಕರುಣರತ್ನೆಯನ್ನ ಮದುವೆ ಮಾಡಿಕೊಂಡ್ರು. ನಾಗಲಕ್ಷ್ಮಿ ಮಗನನ್ನ ಸಾಕ್ಕೊಂಡು ಮೈದುನ ರಾಜನ ಆಸರೆಯಲ್ಲಿ ಉಳಿದಳು. ಇಪ್ಪತ್ತರ ವಯಸ್ಸಿನಲ್ಲಿ ಆ ವಿದ್ವಾಂಸರ ತಪಸ್ಸು ಕಂಡು ಮರುಳಾಗಿದ್ದೆ. ಈಗ ನನ್ನ ಹೆಂಡತಿ ಅಡುಗೆ ಮನೆಯಿಂದ ‘ಊಟಕ್ಕೆ ಬರ್ತೀರೋ ಇಲ್ಲವೋ’ ಅಂತ ಕೂಗಿದ್ರೆ ಪುಸ್ತಕ ಮುಚ್ಚಿ ತಕ್ಷಣ ಏಳ್ತೀನಿ. ಇದಕ್ಕೆ ನೀನು ನಗಬೇಡ.

ದೇವನೂರರ ‘ಒಡಲಾಳ’ ತೂಕವೇ ಇಲ್ಲ, ಜುಬ್ಬದ ಜೇಬಿನಲ್ಲೇ ಹೋಗುತ್ತೆ. ಸಾಕವ್ವನ ಕಳೆದುಹೋದ ಹುಂಜ, ಸಾಹುಕಾರನ ಕಡೆಯಿಂದ ರಾತ್ರೋರಾತ್ರಿ ಬಂದ ಕಡಲೆಕಾಯಿ ಮೂಟೆ, ಗೋಡೆ ಮೇಲಿನ ನವಿಲು, ಬೆಳಗಾದ್ರೆ ಪೊಲೀಸು. ಇಷ್ಟೇ ಕಥೆ. ಆದ್ರೆ ಆ ರಾತ್ರಿ ಮನೆಮಂದಿಯೆಲ್ಲ ಬೆಂಕಿ ಸುತ್ತ ಕೂತು ಆ ಮೂಟೆ ಖಾಲಿ ಮಾಡ್ತಾರಲ್ಲ, ಕನ್ನಡದಲ್ಲಿ ಅಂಥ ಇನ್ನೊಂದು ಊಟ ಬರೆದವರನ್ನ ನಾನು ಕಂಡಿಲ್ಲ. ಹಸಿದವರ ಬಗ್ಗೆ ಬರೆಯೋರು ಅವರ ನಗುವನ್ನ ಸಾಮಾನ್ಯವಾಗಿ ಬಿಟ್ಟುಬಿಡ್ತಾರೆ. ಇಲ್ಲಿ ಹಸಿವೂ ಇದೆ, ತಮಾಷೆಯೂ ಇದೆ, ಒಬ್ಬರನ್ನೊಬ್ಬರು ಛೇಡಿಸೋದೂ ಇದೆ, ಸಿಪ್ಪೆ ಸುಟ್ಟು ಗುರುತು ಅಳಿಸೋ ಜಾಣತನವೂ ಇದೆ. ಓದುಗ ಕನಿಕರ ಪಡೋಕೆ ಅಂತ ಬಂದ್ರೆ ಅವರ ಪಕ್ಕದಲ್ಲಿ ಕೂತು ಕಡಲೆಕಾಯಿ ಬಿಡಿಸೋ ಹಾಗಾಗುತ್ತೆ.

ದೇವನೂರರದ್ದೇ ‘ಕುಸುಮಬಾಲೆ’ ನಿನಗೆ ಅರ್ಥವಾಗಲಿಲ್ಲ ಅಂತ ಅರ್ಧಕ್ಕೆ ಬಿಟ್ಟೆ. ನಾನು ಹೇಳೋದು ಒಂದೇ, ಅದನ್ನ ಕಣ್ಣಲ್ಲಿ ಓದಬೇಡ, ಗಟ್ಟಿಯಾಗಿ ಓದು. ನಂಜನಗೂಡು ಕಡೆಯ ಮಾತು ಅದು, ನಿನ್ನ ಅಜ್ಜಿ ಮಾತಿಗಿಂತ ಬಹಳ ದೂರದ್ದಲ್ಲ. ಜೋತಮ್ಮಗಳು, ಅಂದ್ರೆ ಮನೆಮನೆಯ ದೀಪಗಳು, ರಾತ್ರಿ ಸೇರಿ ತಮ್ಮ ತಮ್ಮ ಮನೆಯ ಸುದ್ದಿ ಮಾತಾಡಿಕೊಳ್ಳೋ ಭಾಗವನ್ನ ಮೊಮ್ಮಗಳಿಗೆ ಓದಿ ಹೇಳಿ ನೋಡು.

ತೇಜಸ್ವಿಯವರ ‘ಕರ್ವಾಲೊ’ ಕೊನೆಯಲ್ಲಿ ಹಾರುವ ಓತಿ ಯಾರ ಕೈಗೂ ಸಿಗದೆ ಕಣಿವೆಗೆ ತೇಲಿಹೋಗುತ್ತೆ ಅಂತ ಕನ್ನಡ ನಾಡಿಗೆಲ್ಲ ಗೊತ್ತು. 1980ರಿಂದ ಗೊತ್ತು. ಆದ್ರೂ ಜನ ಓದ್ತಾನೇ ಇದ್ದಾರೆ. ಓತಿ ಸಿಗೋದಿಲ್ಲ ಅಂತ ಗೊತ್ತಿದ್ರೆ ಮಂದಣ್ಣನ ಜೇನು, ಅವನ ಮದುವೆಯ ಆಸೆ, ಅವನ ಕೋರ್ಟು ಕಚೇರಿ ಎಲ್ಲ ಇನ್ನೂ ಚೆನ್ನಾಗಿ ರುಚಿಸುತ್ತೆ. ಅಷ್ಟು ದೊಡ್ಡ ವಿಜ್ಞಾನಿ ಕರ್ವಾಲೊ ಆ ಹುಡುಗನನ್ನ ಯಾಕೆ ಅಷ್ಟು ಹಚ್ಚಿಕೊಂಡಿದ್ದಾರೆ ಅಂತ ಮೊದಲ ಸಲ ಕಥೆ ಹೇಳೋವನ ಹಾಗೇ ನಮಗೂ ಗೊಂದಲ. ಎರಡನೇ ಸಲ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಆ ಮಜವೇ ಬೇರೆ.

‘ಮೈಸೂರು ಮಲ್ಲಿಗೆ’ ನಿನ್ನ ಕಿಕ್ಕೇರಿ ಕಡೆಯ ಕೆ.ಎಸ್. ನರಸಿಂಹಸ್ವಾಮಿಯವರದ್ದೇ, 1942ರದ್ದು, ಹೇಳೋದೇ ಬೇಡ. ಒಂದೇ ಮಾತು: ಹಾಡಿನ ಧಾಟಿ ಬಿಟ್ಟು ಓದು. ಕ್ಯಾಸೆಟ್ಟಿನಿಂದಾಗಿ ನಮಗೆ ಪಲ್ಲವಿ ಮಾತ್ರ ನೆನಪಿದೆ. ಬಳೆಗಾರ ಚೆನ್ನಯ್ಯನ ಪದ್ಯದಲ್ಲಿ ಗಂಡನೂ ಮಾತಾಡೋದಿಲ್ಲ, ತವರಿನಲ್ಲಿರೋ ಹೆಂಡತಿಯೂ ಮಾತಾಡೋದಿಲ್ಲ. ಇಬ್ಬರ ವಿರಹವನ್ನೂ ಬಳೆ ಮಲಾರ ಹೊತ್ತವನ ಬಾಯಲ್ಲೇ ಕೇಳಬೇಕು. ಹಾಡು ಕೇಳೋವಾಗ ಇದು ನನಗೆ ಹೊಳೆದೇ ಇರಲಿಲ್ಲ.

ಬೆಸಗರಹಳ್ಳಿ ರಾಮಣ್ಣನವರ ಕಥೆಗಳ ವಿಷಯ ಬೇರೆ. ‘ಗಾಂಧಿ’ ಕಥೆಯನ್ನ ನಾನು ಮತ್ತೆ ಮತ್ತೆ ಓದಲಾರೆ. ಬರೆದವರು ಸ್ವತಃ ಡಾಕ್ಟರು, ಆಸ್ಪತ್ರೆ ಒಳಗಿಂದ ಕಂಡವರು. ಆ ಹೆಸರಿನ ಹುಡುಗ ಅಲ್ಲಿ ಬಿದ್ದಿರೋದನ್ನ ಎಷ್ಟು ಕಮ್ಮಿ ಮಾತಿನಲ್ಲಿ ಹೇಳಿದ್ದಾರೆ ಅಂದ್ರೆ, ಓದಿದ ಮೇಲೆ ನಮಗೂ ಮಾತು ಬೇಡವಾಗುತ್ತೆ. ನನ್ನ ಸೂತ್ರಕ್ಕೆ ಇದು ಒಗ್ಗೋದಿಲ್ಲ, ಆದ್ರೂ ಒಯ್ಯಿ. ಮಂಡ್ಯ ಬಿಟ್ಟು ಹೋಗೋವನ ಕಪಾಟಿನಲ್ಲಿ ಮಂಡ್ಯದ ಸಿಟ್ಟು ಒಂದಿಷ್ಟು ಇರಲಿ.

ಉಳಿದದ್ದನ್ನ ಊರಿಗೆ ಕೊಟ್ಟುಬಿಡು. ಪಂಚಾಯ್ತಿ ಲೈಬ್ರರಿಗೆ ಈಗ ಅರಿವು ಕೇಂದ್ರ ಅಂತ ಬೋರ್ಡು ಹಾಕಿದ್ದಾರೆ, ಮಕ್ಕಳು ಸಾಯಂಕಾಲ ಬರ್ತಾರೆ ಅಂತ ನೀನೇ ಹೇಳಿದ್ದೆ. ಪತ್ತೇದಾರಿ ಕಟ್ಟನ್ನ ಮಾತ್ರ ರದ್ದಿಗೆ ಹಾಕಬೇಡ, ಆ ಮಕ್ಕಳು ಮೊದಲು ಎತ್ತಿಕೊಳ್ಳೋದು ಅದನ್ನೇ. ಕಟ್ಟು ಕಟ್ಟೋ ಮುಂಚೆ ‘ಕರ್ವಾಲೊ’ದ ಮೊದಲ ಪುಟ ತೆಗೆದು ನೋಡು, ನನ್ನ ಹೆಸರಿರುತ್ತೆ. ಅದನ್ನ ಬೆಂಗಳೂರಿಗೂ ಒಯ್ಯಬೇಡ, ಪಂಚಾಯ್ತಿಗೂ ಕೊಡಬೇಡ. ಬರೋ ಭಾನುವಾರ ಪ್ಯಾಸೆಂಜರ್ ರೈಲಿಗೆ ನಾನೇ ಬರ್ತೀನಿ, ಊಟಕ್ಕೆ ಉಪ್ಸಾರು ಮಾಡೋಕೆ ಮನೆಯಲ್ಲಿ ಹೇಳಿರು.

ಇಂತಿ ನಿನ್ನ
ಹಳೇ ಬೆಂಚಿನ ಗೆಳೆಯ