ಒಂದೇ ಬಾಯಿ

ಪ್ರೀತಿಯ ಗೆಳೆಯ,

ಫೋನಿನಲ್ಲಿ ಹೇಳೋಣ ಅಂದರೆ ನೀನು ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಕಡೆ ಹಾಕುತ್ತಿದ್ದೇನೆ, ಯಾಕೆಂದರೆ ನಿನ್ನೊಬ್ಬನಿಗೇ ಬರೆದರೆ ಕಳಿಸದೆ ಇಟ್ಟುಕೊಂಡುಬಿಡುತ್ತೇನೆ. ಕೊಡೆಯ ವಿಷಯ ಎತ್ತುವುದಿಲ್ಲ, ಹೆದರಬೇಡ.

ಮೊದಲು ಸುದ್ದಿ. ನೀನು ಹೆಸರಿಟ್ಟ ನಮ್ಮ ಬೆಕ್ಕು ತಾಸೀಲ್ದಾರಮ್ಮ ಬಾಣಂತಿ.

ಕೊಡಗಿನ ಈ ಮಾದಾಪುರದ ಕಡೆ ಹದಿನೈದು ದಿನದಿಂದ ಮಳೆ ಬಿಟ್ಟಿಲ್ಲ. ಕಕ್ಕಡ ತಿಂಗಳ ಮಳೆ ಹೇಗಿರುತ್ತದೆ ಅಂತ ನಿನಗೆ ಹೇಳಬೇಕಾಗಿಲ್ಲ. ಬಟ್ಟೆ ಒಲೆಯ ಮೇಲಿನ ಹಗ್ಗದಲ್ಲೇ ಒಣಗಬೇಕು. ಕರೆಂಟ್ ಬಂದರೆ ಬಂತು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಮೇಲೆ ಈ ಕಡೆ ಯಾರೂ ಮಳೆಗಾಲದಲ್ಲಿ ಗಾಢವಾಗಿ ನಿದ್ದೆ ಮಾಡುವುದಿಲ್ಲ. ಗುಡ್ಡದ ಕಡೆ ಒಂದು ಕಿವಿ ಇಟ್ಟೇ ಮಲಗುತ್ತೇವೆ. ಹಾಗಾಗಿ ಬೆಕ್ಕು ರಾತ್ರಿಯೆಲ್ಲ ಏನು ಮಾಡುತ್ತಾಳೆ ಅಂತ ನೋಡಲು ನನಗೆ ಬೇಕಾದಷ್ಟು ಸಮಯ ಸಿಕ್ಕಿತು.

ಬೆಕ್ಕು ಗಬ್ಬವಾದರೆ ಒಂಬತ್ತು ವಾರ. ಕೊನೆಯ ವಾರ ಅವಳು ಮನೆಯ ಮೂಲೆ ಮೂಲೆ ಹುಡುಕಿದಳು. ಬೀರು, ಸೌದೆ ರಾಶಿ, ಮಂಚದ ಕೆಳಗೆ. ನಾನು ರಟ್ಟಿನ ಡಬ್ಬಕ್ಕೆ ಹಳೇ ಪಂಚೆ ಹಾಸಿ ಇಟ್ಟೆ. ಅದರ ಕಡೆ ತಿರುಗಿಯೂ ನೋಡಲಿಲ್ಲ. ಅಟ್ಟ ಹತ್ತಿದಳು. ಕಾಫಿ ಕೊಯ್ಲಿಗೆ ಅಂತ ಮಡಚಿಟ್ಟಿದ್ದ ಗೋಣಿಚೀಲದ ಮೇಲೆ ನಾಲ್ಕು ಮರಿ ಹಾಕಿದಳು.

ಒಂದೊಂದು ನೂರು ಗ್ರಾಂ ತೂಗಿದರೆ ಹೆಚ್ಚು. ನಮ್ಮ ಒಂದು ಕಿತ್ತಳೆಯಷ್ಟು. ಕಣ್ಣು ಮುಚ್ಚಿರುತ್ತದೆ, ಕಿವಿಯೂ ಮುಚ್ಚಿರುತ್ತದೆ. ಮೈಯನ್ನು ಬೆಚ್ಚಗೆ ಇಟ್ಟುಕೊಳ್ಳುವುದಕ್ಕೂ ಅವಕ್ಕೆ ಬರುವುದಿಲ್ಲ. ಅವುಗಳಿಗೆ ಇರುವುದು ವಾಸನೆ, ಮತ್ತೆ ತಾಯಿಯ ಮೈಯ ಬಿಸಿ. ಅವಳು ಗುರುಗುಟ್ಟಿದರೆ ಕಿವಿಗೆ ಕೇಳಿಸುವುದಿಲ್ಲ, ಆದರೆ ಆ ಅದುರು ಮೈಗೆ ತಾಗುತ್ತದೆ. ಅದನ್ನು ಹಿಡಿದುಕೊಂಡೇ ಮೊಲೆಯ ಹತ್ತಿರ ತೆವಳುತ್ತವೆ. ಎರಡು ಮೂರು ದಿನದಲ್ಲಿ ಪ್ರತಿ ಮರಿಗೂ ತನ್ನದೇ ಒಂದು ಮೊಲೆ ಗೊತ್ತಾಗಿಬಿಡುತ್ತದೆ ಮಾರಾಯ! ಕತ್ತಲಲ್ಲಿ, ಕುರುಡಾಗಿ, ಹುಡುಕಿಕೊಂಡು ಅಲ್ಲಿಗೇ ಹೋಗುತ್ತವೆ.

ಇನ್ನೊಂದು ನೋಡಿದೆ. ಅವಳು ಹೊಟ್ಟೆಯ ಕೆಳಗೆ ನೆಕ್ಕದಿದ್ದರೆ ಆ ಮರಿಗಳಿಗೆ ಉಚ್ಚೆ ಹೊಯ್ಯುವುದಕ್ಕೂ ಆಗುವುದಿಲ್ಲ. ಮೂರು ವಾರದವರೆಗೆ ಹೀಗೆ. ಬಂದದ್ದನ್ನೆಲ್ಲ ಅವಳೇ ನೆಕ್ಕಿ ಸ್ವಚ್ಛ ಮಾಡುತ್ತಾಳೆ. ಅಟ್ಟದಲ್ಲಿ ಒಂದು ಚೂರು ವಾಸನೆ ಇರಲಿಲ್ಲ. ವಾಸನೆ ಬಂದರೆ ಹಾವು ಬರುತ್ತದೆ, ಗಂಡು ಕೊತ್ತಿ ಬರುತ್ತದೆ. ಮೊದಲ ಎರಡು ದಿನ ಅವಳು ಊಟಕ್ಕೂ ಇಳಿಯಲಿಲ್ಲ. ನಾನೇ ಏಣಿ ಹತ್ತಿ ಹಾಲನ್ನ ಇಟ್ಟು ಬರುತ್ತಿದ್ದೆ.

ಮೂರನೇ ದಿನ ಒಂದು ಮರಿ ಬದಿಗೆ ಬಿದ್ದಿತ್ತು. ಎಲ್ಲಕ್ಕಿಂತ ಚಿಕ್ಕದು. ಇನ್ನೂ ಉಸಿರಿತ್ತು, ಆದರೆ ಮೈ ತಣ್ಣಗಾಗಿತ್ತು. ತಣ್ಣಗಾದ ಮರಿಯನ್ನು ತಾಯಿ ಹತ್ತಿರ ಸೇರಿಸದೇ ಇರಬಹುದು ಅಂತ ಕೇಳಿದ್ದೆ, ಆವತ್ತು ಕಣ್ಣಾರೆ ಕಂಡೆ. ಅಂಗಿಯೊಳಗೆ ಇಟ್ಟುಕೊಂಡು ಒಲೆಯ ಮುಂದೆ ಕೂತೆ. ಸಂಜೆಗೆ ಹೋಯಿತು. ಕರಿಬೇವಿನ ಗಿಡದ ಬುಡದಲ್ಲಿ ಹೂತೆ. ಆ ರಾತ್ರಿ ಅವಳ ಮೇಲೆ ಸಿಟ್ಟು ಬಂತು ಕಣೋ. ನಿಜವಾದ ಸಿಟ್ಟು. ತಟ್ಟೆ ಇಟ್ಟು ಮುಖ ನೋಡದೆ ಇಳಿದು ಬಂದೆ.

ಹನ್ನೊಂದನೇ ರಾತ್ರಿ ಹೆಂಚು ಸರಿದು ಅಟ್ಟ ಸೋರಲು ಶುರುವಾಯಿತು. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಅಂತ ನಿಮ್ಮಮ್ಮ ಹೇಳುತ್ತಿದ್ದರಲ್ಲ? ಟಾರ್ಚ್ ಹಿಡಿದು ಏಣಿಯ ಮೇಲೆ ನಿಂತು ನೋಡಿದೆ. ಅವಳು ಒಂದು ಮರಿಯ ಕತ್ತಿನ ಹಿಂದೆ ಬಾಯಿ ಹಾಕಿದಳು. ಇಲಿಯ ಕತ್ತು ಮುರಿಯುವ ಹಲ್ಲು ಅದೇ. ಮರಿ ಕಾಲು ಮಡಚಿ, ಬಾಲ ಹೊಟ್ಟೆಗೆ ಸೇರಿಸಿ, ಸುಮ್ನೆ ಜೋತುಬಿದ್ದಿತು. ಮಳೆಯಲ್ಲಿ ಅಂಗಳ ದಾಟಿ ಸೌದೆ ಕೊಟ್ಟಿಗೆಗೆ ಹೋದಳು. ಬಂದಳು, ಎರಡನೆಯದನ್ನು ಒಯ್ದಳು.

ಮೂರನೆಯದಕ್ಕೆ ಬರಲಿಲ್ಲ.

ಐದು ನಿಮಿಷ, ಹತ್ತು ನಿಮಿಷ. ಆಗಷ್ಟೇ ಕಣ್ಣು ಗೆರೆಯಷ್ಟು ಬಿರಿದಿದ್ದ ಮರಿ ಗೋಣಿಯ ಮೇಲೆ ತಲೆ ಆಡಿಸುತ್ತಾ ಕೂಗಿತು. ಅಷ್ಟು ಚಿಕ್ಕ ಮೈಯಿಂದ ಅಷ್ಟು ದೊಡ್ಡ ಕೂಗು. ನೀರು ಒಂದು ಗೇಣು ದೂರದಲ್ಲಿ ತೊಟ್ಟಿಕ್ಕುತ್ತಿತ್ತು. ಇದನ್ನೂ ಬಿಟ್ಟಳು ಅಂದುಕೊಂಡೆ. ಕೈ ಚಾಚಿದೆ. ಕೈ ನಡುಗುತ್ತಿತ್ತು. ಒಂದು ಬೆಕ್ಕಿನ ಮರಿಗೆ ನನ್ನ ಕೈ ಯಾಕೆ ನಡುಗಬೇಕು ಹೇಳು.

ಅವ್ವ ನನ್ನನ್ನು ಸೋಮವಾರಪೇಟೆ ಹತ್ತಿರ ಅಜ್ಜಿಯ ಮನೆಯಲ್ಲಿ ಬಿಟ್ಟು ಹೋದ ಕಥೆ ನಿನಗೆ ಗೊತ್ತು. 1987ರ ಜೂನ್, ನನಗೆ ಆರು ವರ್ಷ. ಅಪ್ಪನಿಗೆ ಸಿದ್ದಾಪುರದ ಕಡೆ ಒಂದು ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಸಿಕ್ಕಿತ್ತು. ಅಲ್ಲಿಂದ ಶಾಲೆ ದೂರ, ದಾರಿಯಲ್ಲಿ ಆನೆ. ತಂಗಿ ಸೊಂಟದ ಮೇಲೆ, ತಮ್ಮ ಹೊಟ್ಟೆಯಲ್ಲಿ. ನನ್ನನ್ನು ಬಿಟ್ಟು ಅವರನ್ನು ಕರೆದುಕೊಂಡು ಹೋದಳು. ಹಾಸ್ಟೆಲಿನ ಟೆರೇಸಿನ ಮೇಲೆ ಇದನ್ನು ಹೇಳಿದಾಗ ನೀನು ಅತ್ತಿದ್ದೆ. ನಿನ್ನ ಅಳು ನೋಡಿ ನನಗೆ ಸಮಾಧಾನವಾಗಿತ್ತು.

ಗೆಳೆಯ, ನಾನು ನಿನಗೆ ಅರ್ಧ ಕಥೆ ಹೇಳಿದ್ದೆ.

ಎರಡು ವರ್ಷ ಬಿಟ್ಟು ಅವಳು ಬಂದಳು. ತೋಟದ ಹತ್ತಿರಕ್ಕೆ ಶಾಲೆಯ ಬಸ್ ಬರುತ್ತದೆ, ಇವನನ್ನು ಕರೆದುಕೊಂಡು ಹೋಗುತ್ತೇನೆ ಅಂದಳು. ನಾನು ಅಟ್ಟ ಹತ್ತಿ ಕೂತೆ. ಇಳಿಯಲಿಲ್ಲ. ಅವಳು ಏಣಿಯ ಬುಡದಲ್ಲಿ ನಿಂತು ಮೊದಲು ಗದರಿದಳು, ಆಮೇಲೆ ಕರೆದಳು, ಆಮೇಲೆ ಮಾತೇ ಆಡಲಿಲ್ಲ. ಕೊನೆಯ ಬಸ್ಸಿನ ಹೊತ್ತಿನವರೆಗೂ ನಿಂತಿದ್ದಳು. ಹಲಗೆಯ ಸಂದಿನಿಂದ ಅವಳ ನೆತ್ತಿ, ಬೈತಲೆ ಕಾಣುತ್ತಿತ್ತು. ಮರುವರ್ಷವೂ ಬಂದಳು. ಆವತ್ತು ನಾನು ಗದ್ದೆಯ ಕಡೆ ಓಡಿಹೋದೆ. ಎಸ್ಸೆಸ್ಸೆಲ್ಸಿವರೆಗೆ ಅಜ್ಜಿಯ ಮನೆಯಲ್ಲೇ ಉಳಿದೆ. ಬಿಟ್ಟು ಹೋದಳು ಅಂತ ಎಲ್ಲರಿಗೂ ಹೇಳಿದೆ. ಎರಡು ಸಲ ಬಂದಳು ಅಂತ ಇವತ್ತಿನವರೆಗೆ ಒಬ್ಬರಿಗೂ ಹೇಳಿರಲಿಲ್ಲ.

ಡಿಗ್ರಿಯಲ್ಲಿ ಮೇಷ್ಟ್ರು ಹೇಳಿದ್ದು ನೆನಪಿದೆಯಾ, ದೇವರು ಭಕ್ತನನ್ನು ಹೇಗೆ ಕಾಯುತ್ತಾನೆ ಅನ್ನುವುದಕ್ಕೆ ಶ್ರೀವೈಷ್ಣವರ ಎರಡು ಪಂಗಡದವರ ಮಾತು? ವಡಗಲೆಯವರು ಕೋತಿಮರಿಯನ್ನು ತೋರಿಸುತ್ತಾರೆ, ಅದು ತಾಯಿಯನ್ನು ತಾನೇ ಹಿಡಿದುಕೊಳ್ಳಬೇಕು. ತೆಂಗಲೆಯವರು ಬೆಕ್ಕಿನ ಮರಿಯನ್ನು ತೋರಿಸುತ್ತಾರೆ, ಅದು ಏನೂ ಮಾಡಬೇಕಾಗಿಲ್ಲ, ತಾಯಿಯೇ ಕಚ್ಚಿಕೊಂಡು ಹೋಗುತ್ತಾಳೆ. ನಾನು ಕೋತಿಮರಿಯ ಹಾಗೆ ಬೆಳೆದವನು ಅಂತ ಆಗ ನಿನ್ನ ಹತ್ತಿರ ಹೇಳಿಕೊಂಡಿದ್ದೆ. ಆದರೆ ಬೆಕ್ಕಿನ ಮರಿಗೂ ಒಂದು ಕೆಲಸ ಇದೆ ಕಣೋ. ಅದು ಕೊಸರಾಡಬಾರದು. ನಾನು ಕೊಸರಾಡಿದೆ.

ಅವಳು ಬಂದಳು. ತಾಸೀಲ್ದಾರಮ್ಮ. ಇಪ್ಪತ್ತು ನಿಮಿಷವಾಗಿತ್ತೇನೋ. ಮೈಯೆಲ್ಲ ಒದ್ದೆ, ಮುಂಗಾಲಿನಲ್ಲಿ ಕೆಸರು. ಆ ಎರಡನ್ನು ಬೆಚ್ಚಗೆ ಮಲಗಿಸಿ ಬಂದಿರಬೇಕು, ಅಥವಾ ಅಂಗಳದಲ್ಲಿ ಪಕ್ಕದ ಮನೆಯ ನಾಯಿ ಇತ್ತೋ ಏನೋ. ಅವಳಿಗೆ ಇರುವುದು ಒಂದೇ ಬಾಯಿ. ಮೂರು ಮರಿ ಅಂದರೆ ಮೂರು ಸಲ ಹೋಗಬೇಕು, ಮೂರು ಸಲ ಬರಬೇಕು. ಕೊನೆಗೆ ಉಳಿದದ್ದಕ್ಕೆ ಇದು ಹೇಗೆ ಗೊತ್ತಾಗಬೇಕು? ನಾನು ಕೈ ಹಿಂದಕ್ಕೆ ತೆಗೆದೆ. ಮರಿಯನ್ನು ಕಚ್ಚಿಕೊಂಡು ಇಳಿದಳು.

ಆಮೇಲೂ ಒಂದು ಸಲ ಬಂದಳು, ನೋಡು. ಖಾಲಿ ಗೋಣಿಯನ್ನು ಮೂಸಿದಳು. ಒಂದು ಸುತ್ತು ತಿರುಗಿ ಮತ್ತೆ ಮೂಸಿದಳು. ನಾಲ್ಕನೆಯದನ್ನು ಹುಡುಕಿದಳೋ, ಸುಮ್ನೆ ಖಾತ್ರಿ ಮಾಡಿಕೊಂಡಳೋ. ನಾನು ಏಣಿಯ ಮೇಲೆಯೇ ಕೂತುಬಿಟ್ಟೆ.

ಬೆಳಿಗ್ಗೆ ಅವ್ವನಿಗೆ ಫೋನ್ ಮಾಡಿದೆ. ಪಿರಿಯಾಪಟ್ಟಣದಲ್ಲಿ ತಂಗಿಯ ಮನೆಯಲ್ಲಿದ್ದಾಳೆ. ಕೇಳಬೇಕು ಅಂತ ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು "ಅವ್ವ, ಬೆಕ್ಕು ಮರಿ ಹಾಕಿದೆ" ಅಂತ ಅಷ್ಟೇ. "ಮೀನು ಬೇಯಿಸಿ ಹಾಕು ಮಗ, ಉಪ್ಪು ಹಾಕಬೇಡ, ಮುಳ್ಳು ತೆಗಿ" ಅಂದಳು. "ಮಳೆ ಜಾಸ್ತಿ ಇದ್ಯಾ? ನೀನು ಉಂಡ್ಯಾ?" ಅಂದಳು. ಉಂಡೆ ಅಂದೆ. ಉಂಡಿರಲಿಲ್ಲ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಬೆಕ್ಕಿನ ವಿಷಯಕ್ಕೇ ವಾಪಸ್ ಬರುತ್ತೇನೆ.

ಮೂರೂ ಚೆನ್ನಾಗಿವೆ. ಎಲ್ಲದರ ಕಣ್ಣೂ ಈಗ ನೀಲಿ. ಎಲ್ಲ ಮರಿಗಳಿಗೂ ಮೊದಲು ಹಾಗೇ ಇರುತ್ತದೆ, ಬಣ್ಣ ಆಮೇಲೆ ಬರುತ್ತದೆ. ಓದುತ್ತಿರುವ ಉಳಿದವರಿಗೂ ಒಂದು ಮಾತು: ಬಾಣಂತಿ ಬೆಕ್ಕಿನ ಹತ್ತಿರ ಪದೇ ಪದೇ ಇಣುಕಬೇಡಿ, ಜಾಗ ಬದಲಿಸುತ್ತದೆ. ಹಾಲು ಕುಡಿಸುತ್ತಿರುವಾಗಲೇ ಮತ್ತೆ ಗಬ್ಬವಾಗಬಹುದು. ಹಾಗಾಗಿ ಮರಿಗಳು ಹಾಲು ಬಿಟ್ಟ ಕೂಡಲೇ ಅವಳನ್ನು ಪಶು ಡಾಕ್ಟರ ಹತ್ತಿರ ಆಪರೇಷನ್‌ಗೆ ಕರೆದುಕೊಂಡು ಹೋಗುತ್ತೇನೆ.

ಕೊನೆಗೆ ಉಳಿದಿತ್ತಲ್ಲ, ಆ ಮರಿ ನಿನ್ನದು. ಬೂದು ಬಣ್ಣ, ಒಂದು ಕಾಲಿಗೆ ಮಾತ್ರ ಬಿಳಿ ಸಾಕ್ಸ್. ಹೆಸರು ನೀನೇ ಇಡು. ಆದರೆ ಶಾನುಭೋಗ ಅಂತ ಇಡಬೇಡ, ಯಾಕೆ ಅಂತ ನಿನಗೆ ಗೊತ್ತು. ಸೆಪ್ಟೆಂಬರಿನಲ್ಲಿ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಅಂಗಳದಲ್ಲೆಲ್ಲ ಓಡಾಡಿಕೊಂಡಿರುತ್ತವೆ. ಬಾ. ಅವ್ವನನ್ನೂ ಕರೆದಿದ್ದೇನೆ, ಪಿರಿಯಾಪಟ್ಟಣದಲ್ಲಿ ನೀನೇ ಕಾರಿಗೆ ಹತ್ತಿಸಿಕೊಂಡು ಬರಬೇಕು. ದಾರಿಯಲ್ಲಿ ಈ ಪತ್ರದ ವಿಷಯ ಮಾತ್ರ ಎತ್ತಬೇಡ, ಅದನ್ನು ನಾನೇ ಹೇಳುತ್ತೇನೆ.

ಕೊಡೆ ತರಬೇಡ. ಇಲ್ಲಿ ಎರಡಿದೆ.

ನಿನ್ನ,
ಮಾದಾಪುರದವನು