ನಿನ್ನ ಪತ್ರದ ಕೊನೆಯ ಸಾಲಿನ ಬಗ್ಗೆ

ಶಿರಸಿ ತಾಲೂಕು
ಆರಿದ್ರಾ ಮಳೆಯ ಮೂರನೆಯ ದಿನ

ಚಿರಂಜೀವಿ ಸುಮಾಳಿಗೆ ಅಜ್ಜನ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನಿನ್ನ ಪತ್ರ ಬಂದು ಹನ್ನೊಂದು ದಿನಗಳಾದವು. ನಾಲ್ಕು ಪುಟಗಳಲ್ಲಿ ಮೂರೂಮುಕ್ಕಾಲನ್ನು ಸಂತೋಷದಿಂದಲೇ ಓದಿದೆ. ಕೊನೆಯ ಸಾಲಿಗೆ ಬಂದಾಗ ಮಾತ್ರ ಕನ್ನಡಕ ತೆಗೆದಿಟ್ಟು, ಕತ್ತಲಾಗುವವರೆಗೂ ಜಗಲಿಯಲ್ಲಿ ಸುಮ್ಮನೆ ಕುಳಿತುಬಿಟ್ಟೆ. "ನಾನು ಮಾಡಿದ್ದೆಲ್ಲ ಇನ್ನೊಬ್ಬರ ಹೆಸರಿನಲ್ಲಿ ಉಳಿಯುತ್ತದೆ ಅಜ್ಜಾ, ನಾನೊಬ್ಬಳು ಇದ್ದೆ ಎನ್ನುವುದೇ ಯಾರಿಗೂ ಗೊತ್ತಾಗುವುದಿಲ್ಲ" ಎಂದು ಬರೆದಿದ್ದೀಯ. ಮಿಕ್ಸರಿನ ಮುಚ್ಚಳ ಹಾರದಂತೆ ಹಿಡಿದುಕೊಳ್ಳುವ ಒಂದು ಪುಟ್ಟ ಕೊಂಡಿಗಾಗಿ ನೀನು ಎಂಟು ತಿಂಗಳು ತಲೆ ಕೆಡಿಸಿಕೊಂಡದ್ದು, ಕೊನೆಗೆ ಪೇಟೆಂಟಿನ ಅರ್ಜಿಯಲ್ಲಿ ನಿಮ್ಮ ಮುಖ್ಯಸ್ಥರ ಹೆಸರೊಂದೇ ಇದ್ದದ್ದು, ಇವೆಲ್ಲ ಹೇಗೋ ಅರ್ಥವಾಗುತ್ತವೆ. ಆ ಕೊನೆಯ ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ.

ಅದೇ ದಿನ ಉತ್ತರ ಬರೆಯಲು ಕುಳಿತಿದ್ದೆ. "ಹೆಸರಿನಲ್ಲೇನಿದೆ ಕೂಸೇ, ಕೆಲಸ ಉಳಿದರೆ ಸಾಕು" ಎಂದು ಅರ್ಧ ಪುಟ ಬರೆದು, ಓದಿ ನೋಡಿ, ಹರಿದು ಹಾಕಿದೆ. ಯಾಕೆ ಹರಿದೆ ಎನ್ನುವುದನ್ನು ಹೇಳಲು ಸ್ವಲ್ಪ ಸುತ್ತಿ ಬರಬೇಕಾಗುತ್ತದೆ.

ಅಡಿಕೆ ತೋಟಕ್ಕೆ ಮೊದಲ ಮದ್ದು ಹೊಡೆದಾಗಿದೆ. ಎರಡನೆಯದಕ್ಕೆ ಮೈಲುತುತ್ತದ ನೀಲಿ ಹರಳು ತಂದಿಟ್ಟಿದ್ದೇನೆ. ಚಿಕ್ಕವಳಿದ್ದಾಗ ಸುಣ್ಣದ ನೀರಿಗೆ ಮೈಲುತುತ್ತದ ನೀರು ಬೆರೆತು ಆಕಾಶದ ಬಣ್ಣ ಬರುವುದನ್ನು ನೋಡಲು ನೀನು ಶಾಲೆ ತಪ್ಪಿಸುತ್ತಿದ್ದೆ. ಚಾಕುವಿನ ಅಲಗನ್ನು ಅದ್ದಿ, ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕೆಂದು ಹೇಳುವ ಕೆಲಸ ನಿನ್ನದಾಗಿತ್ತು. ಈ ಬೋರ್ಡೋ ದ್ರಾವಣ ಹುಟ್ಟಿದ ಕಥೆಯನ್ನು ಆಗ ನಿನಗೆ ಹೇಳಿರಲಿಲ್ಲ. ಫ್ರಾನ್ಸಿನ ಬೋರ್ಡೋ ನಗರದ ಹತ್ತಿರ ಮೆಡಾಕ್ ಎಂಬ ದ್ರಾಕ್ಷಿಯ ಸೀಮೆಯಿದೆ. 1878ರ ಸುಮಾರಿಗೆ ಅಮೆರಿಕದಿಂದ ಬಂದ ಬೂಜುರೋಗವೊಂದು ಆ ದೇಶದ ದ್ರಾಕ್ಷಿತೋಟಗಳಿಗೆ ಹತ್ತಿಕೊಂಡು ಎಲೆಗಳನ್ನೆಲ್ಲ ಉದುರಿಸತೊಡಗಿತು. 1882ರ ಶರತ್ಕಾಲದಲ್ಲಿ ಬೋರ್ಡೋದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲ್ಲಾರ್ಡೆ ಅಲ್ಲಿ ನಡೆದು ಹೋಗುತ್ತಿದ್ದಾಗ, ದಾರಿಯ ಪಕ್ಕದ ಒಂದೆರಡು ಸಾಲಿನ ಬಳ್ಳಿಗಳು ಮಾತ್ರ ಎಲೆ ತುಂಬಿಕೊಂಡು ನಿಂತಿರುವುದನ್ನು ಕಂಡರಂತೆ. ವಿಚಾರಿಸಿದಾಗ ತಿಳಿದ ಸಂಗತಿ ನಗು ತರಿಸುವಂಥದ್ದು. ದಾರಿಹೋಕರು ಹಣ್ಣು ಕದಿಯುತ್ತಾರೆಂದು ಅಲ್ಲಿಯ ಬೇಸಾಯಗಾರರು ಅಂಚಿನ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಕಲಸಿ ಚಿಮುಕಿಸುತ್ತಿದ್ದರು. ನೀಲಿ ಹತ್ತಿದ ಹಣ್ಣನ್ನು ವಿಷವೆಂದು ಹೆದರಿ ಯಾರೂ ಮುಟ್ಟುತ್ತಿರಲಿಲ್ಲ. ಕಳ್ಳರಿಗೆಂದು ಬಳಿದದ್ದು ರೋಗವನ್ನು ಓಡಿಸಿತ್ತು. ಮಿಲ್ಲಾರ್ಡೆಯವರು ಅಲ್ಲಿಯ ತೋಟಗಳ ಮೇಲ್ವಿಚಾರಕ ಅರ್ನೆಸ್ಟ್ ಡೇವಿಡ್‌ ಅವರ ನೆರವಿನಿಂದ ಪ್ರಯೋಗ ನಡೆಸಿ, 1885ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು.

ಇದರಲ್ಲಿ ಹೆಸರು ಯಾರದು ಉಳಿಯಿತು ನೋಡು. ದ್ರಾವಣಕ್ಕೆ ಊರಿನ ಹೆಸರು ಬಂತು. ಪುಸ್ತಕಗಳಲ್ಲಿ ಪ್ರಾಧ್ಯಾಪಕರ ಹೆಸರು ಬಂತು. ಮೇಲ್ವಿಚಾರಕರ ಹೆಸರು ಹುಡುಕಿದವರಿಗೆ ಸಿಗುತ್ತದೆ. ಮೊದಲ ಸಲ ಸುಣ್ಣವನ್ನೂ ಮೈಲುತುತ್ತವನ್ನೂ ಒಂದೇ ಬಕೆಟ್ಟಿನಲ್ಲಿ ಕಲಸಿದ, ಕಳ್ಳರ ಮೇಲೆ ಸಿಟ್ಟಾಗಿದ್ದ ಆ ಬೇಸಾಯಗಾರನ ಹೆಸರು ಎಲ್ಲಿಯೂ ಇಲ್ಲ.

ನಮ್ಮ ಅಡಿಕೆಯ ಮಟ್ಟಿಗೆ ಆ ನೀಲಿ ನೀರನ್ನು ಮಲೆನಾಡಿಗೆ ತಂದ ಕೀರ್ತಿ ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರಿಗೆ ಸಲ್ಲುತ್ತದೆ. ಮಳೆಗಾಲದಲ್ಲಿ ಅಡಿಕೆ ಕೊಳೆತು ಉದುರುವ ಕೊಳೆರೋಗಕ್ಕೆ ಕಾರಣವಾಗುವ ಜೀವಿಯನ್ನು ಗುರುತಿಸಿ 1910ರಲ್ಲಿ ಅವರು ವರದಿ ಪ್ರಕಟಿಸಿದರು. ಅದಕ್ಕೂ ಮೊದಲು ನಮ್ಮವರಿಗೆ ತಿಳಿದಿದ್ದ ಉಪಾಯವೆಂದರೆ ಮಳೆ ಹಿಡಿಯುವ ಮೊದಲು ಪ್ರತಿಯೊಂದು ಕೊನೆಗೂ, ಅಂದರೆ ಅಡಿಕೆಯ ಗೊಂಚಲಿಗೂ, ಕೊಟ್ಟೆಯ ಹೊದಿಕೆ ಕಟ್ಟುವುದು. ಆ ಕೊಟ್ಟೆಯೂ ಯಾರೋ ಒಬ್ಬರು ಯೋಚಿಸಿ ಮಾಡಿದ್ದೇ ಅಲ್ಲವೇ? ಇನ್ನೊಂದು ಮೋಜಿನ ಸಂಗತಿಯಿದೆ. ಕೊಳೆರೋಗ ಎಂಬ ನಮ್ಮ ಮಾತು ಈಗ ಜಗತ್ತಿನ ಸಸ್ಯರೋಗ ಶಾಸ್ತ್ರದಲ್ಲೆಲ್ಲ ಹಾಗೆಯೇ ಬಳಕೆಯಲ್ಲಿದೆ. ಕಾಫಿಗೆ ಕಪ್ಪು ಕೊಳೆ ತರುವ ಶಿಲೀಂಧ್ರದ ಹಳೆಯ ವೈಜ್ಞಾನಿಕ ಹೆಸರಿನೊಳಗೂ ಅದೇ ಕನ್ನಡದ ಪದ ಕುಳಿತಿದೆ. ಮಾತು ಲೋಕ ಸುತ್ತಿತು, ಆದರೆ ಅದನ್ನು ಮೊದಲು ಆಡಿದವರು ತೋಟದಲ್ಲೇ ಉಳಿದರು.

ಇಷ್ಟು ಹೇಳಿ "ಆದ್ದರಿಂದ ಚಿಂತಿಸಬೇಡ" ಎಂದು ಪತ್ರ ಮುಗಿಸಬೇಕೆಂದಿದ್ದೆ. ನಾನು ಹರಿದು ಹಾಕಿದ ಕಾಗದದಲ್ಲಿ ಇದ್ದದ್ದೂ ಇದೇ ಸಮಾಧಾನ. ಆದರೆ ಹೆಸರಿಲ್ಲದವರು ದೊಡ್ಡವರು ಎಂಬ ಮಾತನ್ನು ಆಡುವ ಅಧಿಕಾರ ನನಗಿಲ್ಲ. ನಿನ್ನ ಕೊನೆಯ ಸಾಲಿನಲ್ಲಿ ನನಗೆ ಕಂಡದ್ದು ನಿನ್ನ ಮುಖವೊಂದೇ ಆಗಿರಲಿಲ್ಲ.

ಜಗಲಿಯ ಗೋಡೆಯ ಮೇಲೆ ಕಟ್ಟು ಹಾಕಿಸಿದ ಪ್ರಶಸ್ತಿಪತ್ರವೊಂದಿದೆ, ನೀನು ಹುಟ್ಟಿದಾಗಿನಿಂದ ನೋಡುತ್ತ ಬಂದದ್ದು. 1979ರ ಒಂದು ಕೃಷಿ ಪ್ರದರ್ಶನದಲ್ಲಿ ಸಿಕ್ಕಿದ್ದು. ಮದ್ದು ಹೊಡೆಯುವ ಕೊಳವೆಯ ತುದಿಯನ್ನು ಬಾಗಿಸಿ, ಒಂದು ಮರದ ಮೇಲೆ ಕುಳಿತೇ ಸುತ್ತಲಿನ ಮರಗಳ ಕೊನೆಗಳಿಗೂ, ಅದರಲ್ಲೂ ಮದ್ದು ತಾಗದೆ ಉಳಿಯುವ ಕೊನೆಯ ಅಡಿಭಾಗಕ್ಕೂ ಮದ್ದು ತಲುಪುವಂತೆ ಮಾಡಿದ ಸಾಧನಕ್ಕಾಗಿ ಶಾಲು ಹೊದೆಸಿದ್ದರು. ಪತ್ರಿಕೆಯಲ್ಲಿ ನನ್ನ ಫೋಟೋ ಬಂದಿತ್ತು. ನಾನು ಮಾಡಿದ್ದು ಇಷ್ಟೇ: ಆ ಕೊಳವೆಯನ್ನು ಬಸ್ಸಿನ ಮೇಲೆ ಹಾಕಿಕೊಂಡು ಪ್ರದರ್ಶನಕ್ಕೆ ಒಯ್ದೆ. ಅದನ್ನು ಯೋಚಿಸಿದವನು ಮರ ಹತ್ತಿ ಕೊನೆ ಕೊಯ್ಯುವ ನಮ್ಮ ಕೊನೆಗೌಡ. ಮರದಿಂದ ಮರಕ್ಕೆ ಜೀಕುತ್ತ ದಿನವಿಡೀ ಮೇಲೆಯೇ ಇರುತ್ತಿದ್ದ ಅವನಿಗೆ, ನೆಟ್ಟಗಿನ ಕೊಳವೆಯಿಂದ ಮದ್ದು ಮೋರೆಯ ಮೇಲೆಯೇ ಬೀಳುತ್ತದೆಂಬ ಕಷ್ಟ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅವನೇ ಆಚಾರಿಯ ಕುಲುಮೆಯ ಎದುರು ಕುಳಿತು ನಾಲ್ಕು ಸಲ ಬಾಗಿಸಿ, ಮೂರು ಸಲ ಕೆಡಿಸಿ, ಕೊನೆಯದನ್ನು ತೋಟಕ್ಕೆ ತಂದಿದ್ದ.

ವೇದಿಕೆಯ ಮೇಲೆ ಅವನ ಮಾತನ್ನು ಎತ್ತಬೇಕೆಂದು ಬಸ್ಸಿನಲ್ಲಿ ಯೋಚಿಸಿದ್ದೆ, ಸುಳ್ಳಲ್ಲ. ಹಾರ ಕೊರಳಿಗೆ ಬಿದ್ದ ಮೇಲೆ ನೆನಪು ಹಾರಿತೋ, ನಾನೇ ಹಾರಿಸಿದೆನೋ, ಇವತ್ತಿಗೂ ಸರಿಯಾಗಿ ಹೇಳಲಾರೆ. ನಾಲ್ಕು ದಿನಗಳ ನಂತರ ಅವನು ಅಂಗಳಕ್ಕೆ ಬಂದು, "ಹೆಗಡೇರೆ, ಆ ಪೇಪರು ಒಂದು ದಿನದ ಮಟ್ಟಿಗೆ ಬೇಕಿತ್ತು" ಎಂದು ಕೇಳಿ ಒಯ್ದ. ಎರಡು ದಿನ ಬಿಟ್ಟು, ಒಯ್ದ ಮಡಿಕೆಯಲ್ಲೇ ಮಡಿಚಿ ತಂದುಕೊಟ್ಟ. "ಹುಡುಗ ಓದಿ ಹೇಳಿದ" ಎಂದಷ್ಟೇ ಹೇಳಿ ಕತ್ತಿ ಹಿಡಿದು ತೋಟಕ್ಕೆ ಇಳಿದ. ಆಮೇಲೆ ಹದಿನೇಳು ವರ್ಷ ನಮ್ಮಲ್ಲೇ ಕೊನೆ ಕೊಯ್ದ. ಆ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅವನಿಗೆ ಸಹಿ ಬರುತ್ತಿರಲಿಲ್ಲ. ನಮ್ಮ ಹಳೆಯ ಲೆಕ್ಕದ ಪುಸ್ತಕಗಳಲ್ಲಿ ವಾರಕ್ಕೊಂದರಂತೆ ಅವನ ಹೆಬ್ಬೆಟ್ಟು ಇದೆ. ನಿನ್ನ ಪತ್ರ ಬಂದ ಮರುದಿನ ಆ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆ. ಹೆಬ್ಬೆಟ್ಟಿನ ಗುರುತುಗಳನ್ನು ನೋಡುತ್ತ ಕುಳಿತಾಗ ನೆನಪಾದ ಸಂಗತಿಯೊಂದನ್ನು ಹೇಳುತ್ತೇನೆ. ಜಗತ್ತಿನ ಮೊದಲ ಬೆರಳಚ್ಚು ಕಚೇರಿ ಆರಂಭವಾದದ್ದು ಲಂಡನ್ನಿನಲ್ಲಲ್ಲ, 1897ರಲ್ಲಿ ಕಲ್ಕತ್ತೆಯಲ್ಲಿ. ಸಾವಿರಾರು ಬೆರಳಚ್ಚುಗಳಲ್ಲಿ ಬೇಕಾದ ಒಂದನ್ನು ಹುಡುಕಿ ತೆಗೆಯುವುದಕ್ಕೆ, ಗೆರೆಗಳ ಆಕಾರವನ್ನು ಅಂಕಿಯಾಗಿಸಿ 1024 ಗುಂಪುಗಳಾಗಿ ಹಂಚಿಡುವ ಲೆಕ್ಕಾಚಾರವನ್ನು ರೂಪಿಸಿದವರಲ್ಲಿ ಮುಖ್ಯರು ಅಲ್ಲಿಯ ಪೊಲೀಸ್ ಇಲಾಖೆಯ ಕಾಜಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಪದ್ಧತಿಗೆ ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯವರ ಹೆಸರು ಬಂತು, ಅದೇ ಹೆಸರಿನಿಂದ ಲೋಕವೆಲ್ಲ ಹಬ್ಬಿತು. ಒಬ್ಬೊಬ್ಬ ಮನುಷ್ಯನನ್ನೂ ಅವನೇ ಎಂದು ಗುರುತಿಸುವ ವಿದ್ಯೆಯನ್ನು ಕಟ್ಟಿದ ಇಬ್ಬರು ಹೀಗೆ ಇನ್ನೊಬ್ಬರ ಹೆಸರಿನ ಅಡಿಯಲ್ಲಿ ಸೇರಿಹೋದರು. ನೀನು ಹೆದರಿದ್ದು ಇದಕ್ಕೇ ಅಲ್ಲವೇ? ನಿನ್ನ ಹೆದರಿಕೆ ಸುಳ್ಳೆಂದು ನಾನು ಹೇಗೆ ಹೇಳಲಿ?

ಹೆನ್ರಿಯವರನ್ನು ಬೈದು ಸುಮ್ಮನಾಗಬಹುದಿತ್ತು. ಆದರೆ ಅಧಿಕಾರದಲ್ಲಿದ್ದವರೆಲ್ಲ ಹಾಗೆಯೇ ಇರುತ್ತಾರೆ, ಕಾಲವೇ ಅಂಥದ್ದು ಎನ್ನುವ ನೆಪವೂ ನನಗೆ ಉಳಿದಿಲ್ಲ. ಕೊಚ್ಚಿಯಲ್ಲಿ ಡಚ್ಚರ ಅಧಿಪತಿಯಾಗಿದ್ದ ವಾನ್ ರೀಡ್ ಎಂಬವರು ಮಲಬಾರಿನ ಗಿಡಮರಗಳ ಬಗ್ಗೆ ಹನ್ನೆರಡು ಸಂಪುಟಗಳ ದೊಡ್ಡ ಗ್ರಂಥ ಮಾಡಿಸಿದರು. 'ಹೋರ್ಟಸ್ ಮಲಬಾರಿಕಸ್' ಎಂಬ ಆ ಗ್ರಂಥದ ಮೊದಲ ಸಂಪುಟ 1678ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಗಿಡಗಳ ಗುಣ ಹೇಳಿದವರು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರು ಮತ್ತು ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು. ಈ ವೈದ್ಯರ ಹೆಸರುಗಳನ್ನು ವಾನ್ ರೀಡ್ ನುಂಗಲಿಲ್ಲ. ಆ ನಾಲ್ವರ ಹೇಳಿಕೆಗಳನ್ನೂ ಗ್ರಂಥದ ಆರಂಭದಲ್ಲೇ ಅಚ್ಚು ಹಾಕಿಸಿದರು. ನಮ್ಮ ಕರಾವಳಿಯ ಮನೆಗಳಲ್ಲಿ ಇಂದಿಗೂ ಆಡುವ ಕೊಂಕಣಿಯಲ್ಲಿ, ನಾಗರಿ ಲಿಪಿಯಲ್ಲಿ, ಆ ಮೂವರು ಬರೆದುಕೊಟ್ಟ ಮಾತುಗಳು ಆಮ್‌ಸ್ಟರ್‌ಡ್ಯಾಮಿನ ಪುಸ್ತಕದಲ್ಲಿ ಕುಳಿತು ಮುನ್ನೂರು ವರ್ಷಗಳ ಮೇಲಾಯಿತು. ವ್ಯಾಪಾರಕ್ಕೆಂದು ಬಂದ ಪರದೇಶದ ಅಧಿಕಾರಿಯೊಬ್ಬರು ಮಾಡಿದ್ದನ್ನು, ಒಂದೇ ತೋಟದ ನೀರು ಕುಡಿದ ನಾನು ಮಾಡಲಿಲ್ಲ.

ಈಗ ನೋಡಿದರೆ, ಇಷ್ಟು ಪುಟ ಬರೆದರೂ ಅವನನ್ನು ಕೊನೆಗೌಡ ಎಂದೇ ಕರೆದಿದ್ದೇನೆ. ಅವನ ಹೆಸರು ಕೆರಿಯ.

ನಿನಗೆ ಉಪಯೋಗಕ್ಕೆ ಬರುವ ಮಾತು ಒಂದೆರಡಾದರೂ ಇರಬೇಕಲ್ಲ. ನಿಮ್ಮ ಕಚೇರಿಯ ರೀತಿನೀತಿ ನನಗೆ ತಿಳಿಯದು, ಆದ್ದರಿಂದ ಸಂಕೋಚದಿಂದಲೇ ಬರೆಯುತ್ತೇನೆ. ಶಿರಸಿಯಲ್ಲಿ ಪರಿಚಯದ ವಕೀಲರನ್ನು ಕೇಳಿದೆ, ನಿನ್ನ ಹೆಸರು ಹೇಳಲಿಲ್ಲ. 1970ರ ಪೇಟೆಂಟ್ ಕಾಯ್ದೆಯ 28ನೆಯ ಕಲಮಿನಂತೆ, ಪೇಟೆಂಟಿನ ಒಡೆತನ ಕಂಪನಿಯದ್ದೇ ಆದರೂ, ಕಂಡುಹಿಡಿದವರ ಹೆಸರನ್ನು ಅದರಲ್ಲಿ ನಮೂದಿಸಬೇಕೆಂದು ಕೇಳಲು ಅವಕಾಶವಿದೆಯಂತೆ. ಆದರೆ ಆ ಕೋರಿಕೆ ಪೇಟೆಂಟ್ ಮಂಜೂರಾಗುವ ಮೊದಲೇ ಹೋಗಬೇಕು. ಕೇಳಿದರೆ ನಿನ್ನ ಕೆಲಸಕ್ಕೆ ಸಂಚಕಾರ ಬರುತ್ತದೆಯೋ ಏನೋ ಎಂಬ ಭಯ ನನಗೂ ಇದೆ, ನಿನ್ನ ಅಮ್ಮನಿಗೆ ಇನ್ನೂ ಹೆಚ್ಚು. ಮೊದಲು ನಿಮ್ಮ ಮುಖ್ಯಸ್ಥರನ್ನೇ ಬಾಯಿಮಾತಿನಲ್ಲಿ ಕೇಳಿ ನೋಡು. ಕೆಲವರಿಗೆ ಯಾರೂ ಕೇಳಲಿಲ್ಲ ಎನ್ನುವುದೇ ಸಾಕಷ್ಟು ನೆಪವಾಗಿರುತ್ತದೆ. ಕೆರಿಯ ಕೇಳಿದ್ದರೆ ನಾನು ಮರುದಿನವೇ ಪತ್ರಿಕೆಗೆ ಬರೆಯುತ್ತಿದ್ದೆ ಎಂದು ಅಂದುಕೊಳ್ಳುತ್ತೇನೆ. ಅವನು ನನ್ನನ್ನು ಕೇಳುವ ಸ್ಥಿತಿಯಲ್ಲಿರಲಿಲ್ಲ ಎನ್ನುವುದು ಬೇರೆ ಮಾತು. ನೀನು ಆ ಸ್ಥಿತಿಯಲ್ಲಿದ್ದೀಯ.

ಹೊತ್ತು ಮೀರಿದರೆ ಏನಾಗುತ್ತದೆ ಎನ್ನುವುದಕ್ಕೆ ನಿನ್ನ ಸೀರೆಯ ಸೆರಗಿನ ಪಿನ್ನೇ ಸಾಕ್ಷಿ. ಅದನ್ನು ಮಾಡಿದವರು ನ್ಯೂಯಾರ್ಕಿನ ವಾಲ್ಟರ್ ಹಂಟ್. 1849ರಲ್ಲಿ ಪೇಟೆಂಟ್ ಪಡೆದು, ಸಾಲ ತೀರಿಸಲು ನಾನೂರು ಡಾಲರಿಗೆ ಹಕ್ಕನ್ನೇ ಮಾರಿಬಿಟ್ಟರು. ಅದಾದರೂ ಮಾರಿದ್ದು, ಬೆಲೆ ಸಿಕ್ಕಿತು. ಅದಕ್ಕೂ ಹಲವು ವರ್ಷ ಮೊದಲು, 1830ರ ದಶಕದಲ್ಲಿ, ಅವರು ಎರಡು ನೂಲಿನ ಹೊಲಿಗೆ ಯಂತ್ರವನ್ನು ಮಾಡಿದ್ದರು. ಹೊಲಿದು ಬದುಕುವ ಹೆಂಗಸರ ಕೆಲಸ ಹೋದೀತೆಂದು ಅದನ್ನು ಬೆಳೆಸದೆ ಬಿಟ್ಟರೆಂದು ಹೇಳುತ್ತಾರೆ. 1846ರಲ್ಲಿ ಅಂಥದ್ದೇ ಯಂತ್ರಕ್ಕೆ ಇಲಾಯಸ್ ಹೋವ್ ಪೇಟೆಂಟ್ ಪಡೆದರು. ಮುಂದೆ ವ್ಯಾಜ್ಯ ಬಂದಾಗ, ಮೊದಲು ಮಾಡಿದವರು ಹಂಟರೇ ಎಂದು ಪೇಟೆಂಟ್ ಕಚೇರಿ ಒಪ್ಪಿತು. ಆದರೆ ಇಷ್ಟು ಕಾಲ ಸುಮ್ಮನಿದ್ದವರಿಗೆ ಹಕ್ಕು ಕೊಡಲಾಗದೆಂದೂ ಹೇಳಿತು. ಅವರು ಸುಮ್ಮನಿದ್ದದ್ದಕ್ಕೆ ಒಳ್ಳೆಯ ಕಾರಣವಿತ್ತು. ನಿನಗೆ ಅಂಥ ಕಾರಣ ಯಾವುದೂ ನನಗೆ ಕಾಣುವುದಿಲ್ಲ.

ಹಳೆಯ ಚಿತ್ರಗಳು, ಕೆಟ್ಟುಹೋದ ಕೊಂಡಿಗಳು, ಅವುಗಳ ತಾರೀಖು, ಯಾವುದನ್ನೂ ಎಸೆಯಬೇಡ. ಕೆರಿಯ ಕೆಡಿಸಿದ ಮೂರು ಕೊಳವೆಗಳನ್ನು ನಾನು ಗುಜರಿಗೆ ಹಾಕಿದ್ದೆ. ನಿನ್ನ ಜೊತೆ ಅಚ್ಚು ಕೊರೆದುಕೊಟ್ಟ ಹುಡುಗನೊಬ್ಬನ ಬಗ್ಗೆ ಎರಡನೆಯ ಪುಟದಲ್ಲಿ ಬರೆದಿದ್ದೆಯಲ್ಲ, ಅವನ ಹೆಸರನ್ನು ನೀನು ಬರೆದಿಲ್ಲ. ತಪ್ಪು ಹುಡುಕುತ್ತಿದ್ದೇನೆಂದು ತಿಳಿಯಬೇಡ, ಕಣ್ಣಿಗೆ ಬಿತ್ತು, ಅಷ್ಟೇ. ನಿನ್ನ ಕೋರಿಕೆಯಲ್ಲಿ ಅವನದ್ದೂ ಇರಲಿ.

ಕೆರಿಯನ ಮಗ ಈಗ ಹುಲೇಕಲ್ ರಸ್ತೆಯ ಕಡೆ ಮನೆ ಕಟ್ಟಿಕೊಂಡಿದ್ದಾನೆ. ಆ ಪೇಪರು ಓದಿ ಹೇಳಿದ ಹುಡುಗ ಅವನೇ. ಕಳೆದ ಭಾನುವಾರ ಪ್ರಶಸ್ತಿಪತ್ರವನ್ನು ಗೋಡೆಯಿಂದ ಇಳಿಸಿ, ಚೀಲಕ್ಕೆ ಹಾಕಿಕೊಂಡು ಹೊರಟೆ. ಹಳ್ಳದ ಸಂಕದವರೆಗೆ ಹೋದವನು, ನೀರು ಹೆಚ್ಚಿದೆ ಎಂದು ಹಿಂದಿರುಗಿದೆ. ನೀರು ಅಷ್ಟೇನೂ ಇರಲಿಲ್ಲ. ಗೋಡೆಯಲ್ಲಿ ಈಗ ಬಿಳಿಯ ಚೌಕವೊಂದು ಉಳಿದಿದೆ. ನಿನ್ನ ಅಜ್ಜಿ ಏನೆಂದು ಕೇಳಿದಳು, ಗೆದ್ದಲು ಹಿಡಿದಿತ್ತು ಎಂದೆ. ಈ ವಾರ ಮತ್ತೆ ಹೋಗುತ್ತೇನೆ, ಹೋಗಿ ಬಂದ ಮೇಲೆ ನಿನಗೆ ತಿಳಿಸುತ್ತೇನೆ.

ನಿನ್ನ ಕೊಂಡಿಯ ಚಿತ್ರವನ್ನು ಕೈಯಲ್ಲೇ ಬಿಡಿಸಿ ನನಗೊಂದು ಕಳಿಸು. ನನಗೆ ಪೂರ್ತಿ ಅರ್ಥವಾಗದಿದ್ದರೂ ಅಡ್ಡಿಯಿಲ್ಲ. ಕೆಳಗಿನ ಮೂಲೆಯಲ್ಲಿ ತಾರೀಖು ಹಾಕಿ, ನಿಮ್ಮಿಬ್ಬರ ಹೆಸರನ್ನೂ ಪೂರ್ತಿಯಾಗಿ ಬರೆ.

ಇತಿ ನಿನ್ನ
ಅಜ್ಜ