ರಘು ವಕೀಲಿ ಬಿಡುವುದು ಬೇಡ

ಪಿಟ್ಸ್‌ಬರ್ಗ್

ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಅಮ್ಮನ ಕಾಗದ ಬಂತು. ವಾದಕ್ಕೆ ನಿಂತಿದ್ದಾಗಲೇ ರಘುಗೆ ಉಬ್ಬಸ ಬಂದು ಆಚೆ ಕರೆತಂದರು ಅಂತ ಓದಿದಾಗಿನಿಂದ ನಿದ್ದೆಯಿಲ್ಲ. ಕರಿಕೋಟು ಬಿಟ್ಟು ಸೊಸೈಟಿ ಗುಮಾಸ್ತನಾಗಲಿ ಅಂದಿರಂತೆ. ಸಂಕಟಕ್ಕೆ ಅಂದ ಮಾತು, ಗೊತ್ತು. ಆದರೂ ಬಿಡಿಸಬೇಡಿ ಅಪ್ಪ.

ಹೋದ ವಾರ ಇವರು ಸ್ಟೂಬೆನ್‌ವಿಲ್‌ಗೆ ಕರೆದುಕೊಂಡು ಹೋಗಿದ್ದರು. ಒಹಾಯೊ ನದಿ ದಂಡೆಯ ಊರು. ಮನೆಮನೆ ಮೆಟ್ಟಿಲ ಮೇಲೂ ದಪ್ಪ ಕುಂಬಳಕಾಯಿ, ಬರೀ ಅಲಂಕಾರಕ್ಕಂತೆ, ಯಾರೂ ಹುಳಿ ಮಾಡಲ್ಲ ಅಮ್ಮ! ಅಲ್ಲಿ ಕೋರ್ಟಿನ ಮುಂದೆ ಎಡ್ವಿನ್ ಸ್ಟಾಂಟನ್ ಎಂಬ ವಕೀಲನ ಕಂಚಿನ ಪ್ರತಿಮೆ ಇದೆ. ಹುಟ್ಟಿದ್ದು ಅದೇ ಊರಲ್ಲಿ, 1814ರಲ್ಲಿ. ಚಿಕ್ಕಂದಿನಿಂದ ಆತನಿಗೂ ಉಬ್ಬಸ. ಹದಿಮೂರಕ್ಕೆ ತಂದೆ ಹೋದರು, ಪುಸ್ತಕದಂಗಡಿಯಲ್ಲಿ ದುಡಿದ, ದುಡ್ಡಿಲ್ಲದೆ ಕಾಲೇಜು ಅರ್ಧಕ್ಕೇ ನಿಂತಿತು. ಆಮೇಲೆ ಕಾನೂನು ಓದಿ ವಕೀಲನಾದ. ನಾವಿರುವ ಈ ಪಿಟ್ಸ್‌ಬರ್ಗಿನಲ್ಲೂ ಪ್ರಾಕ್ಟೀಸ್ ಮಾಡಿದ್ದ.

1855ರ ಒಂದು ಪೇಟೆಂಟ್ ಕೇಸಿನಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷನಾದ ಲಿಂಕನ್ ಕೂಡ ಅದೇ ಕಡೆಯ ವಕೀಲ. ಸ್ಟಾಂಟನ್ ಆತನನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಅದೇ ಲಿಂಕನ್ 1862ರಲ್ಲಿ, ಅಂತರ್ಯುದ್ಧದ ನಡುವೆ, ಆತನನ್ನೇ ಯುದ್ಧಮಂತ್ರಿ ಮಾಡಿದ. ಅವಮಾನವನ್ನು ಬದಿಗಿಟ್ಟು ಕೆಲಸ ಬಲ್ಲವನನ್ನು ಆರಿಸಿದ ಆ ದೊಡ್ಡತನ ನೋಡಿ. ಸ್ಟಾಂಟನ್ ಟೆಲಿಗ್ರಾಫ್ ತಂತಿಗಳನ್ನು ತನ್ನ ಇಲಾಖೆಯ ಕಟ್ಟಡಕ್ಕೇ ತಂದ. ಯುದ್ಧದ ಸುದ್ದಿ ಓದಲು ಲಿಂಕನ್ ರಾತ್ರಿ ಹೊತ್ತು ಅಲ್ಲಿಗೆ ನಡೆದು ಬರುತ್ತಿದ್ದ. 1863ರಲ್ಲಿ ಟೆನೆಸಿಯಲ್ಲಿ ಲಿಂಕನ್ ಕಡೆಯ ಸೈನ್ಯ ಸಿಕ್ಕಿಬಿದ್ದಾಗ, ವರ್ಜೀನಿಯಾದಿಂದ ಸುಮಾರು 20,000 ಸೈನಿಕರನ್ನು ರೈಲಿನಲ್ಲಿ ಕಳಿಸೋಣ ಅಂದ. ಲಿಂಕನ್‌ಗೇ ನಂಬಿಕೆ ಇರಲಿಲ್ಲ. ರೈಲ್ವೆಯವರನ್ನು ಕರೆಸಿ, ಎರಡು ವಾರದೊಳಗೆ ಮುಟ್ಟಿಸಿಯೇ ಬಿಟ್ಟ. ಇಷ್ಟೂ ಆ ಏದುಸಿರಿನಲ್ಲೇ ಅಪ್ಪ.

ಮುಚ್ಚಿಡಲ್ಲ, ಕೊನೆಗೆ ಪ್ರಾಣ ತೆಗೆದದ್ದೂ ಆ ಕಾಯಿಲೆಯೇ. ಸುಪ್ರೀಂ ಕೋರ್ಟಿನ ನ್ಯಾಯಾಧೀಶನಾಗಿ ನೇಮಕಕ್ಕೆ ಇಲ್ಲಿನ ಮೇಲ್ಮನೆ ಸೆನೆಟ್ ಒಪ್ಪಿ ನಾಲ್ಕೇ ದಿನಕ್ಕೆ, 1869ರ ಡಿಸೆಂಬರ್ 24ರಂದು ಹೋದ, ಐವತ್ತೈದು ವರ್ಷ. ಅಮ್ಮ, ಗಾಬರಿಯಾಗಬೇಡ. ಆಗ ಈಗಿನಂಥ ಇನ್ಹೇಲರ್ ಇರಲಿಲ್ಲ, ಈಗ ಇದೆ. ರಘು ನಾಚಿಕೆಗೆ ಅದನ್ನು ಮನೆಯಲ್ಲೇ ಬಿಟ್ಟು ಹೋಗ್ತಾನೆ ಅಂತ ನನಗೆ ಗೊತ್ತು. ಕೋಟಿನ ಜೇಬಿನಲ್ಲಿ ನೀನೇ ಇಡು. ಉಸಿರು ಸರಿಯಿದ್ದಾಗಲೂ ಡಾಕ್ಟರು ಹೇಳಿದ್ದನ್ನು ದಿನಾ ತಗೋಬೇಕು. ರೆಕಾರ್ಡಿನ ಧೂಳು ಕೊಡವೋ ಕೆಲಸ ಬೇರೆ ಯಾರಿಗಾದರೂ ಹೇಳಲಿ. ಹಾಸನದಲ್ಲಿ ಎದೆ ಡಾಕ್ಟರಿಗೆ ತೋರಿಸಿ, ಖರ್ಚು ನಮ್ಮದು. ಏನೂ ಆಗಲ್ಲ, ಖಂಡಿತ ಏನೂ ಆಗಲ್ಲ.

ಇವರು ಬಾಗಿಲಲ್ಲಿ ನಿಂತಿದ್ದಾರೆ, ಆಫೀಸಿಗೆ ಹೋಗ್ತಾ ಪೋಸ್ಟ್ ಮಾಡ್ತಾರೆ. ಅಜ್ಜಿಗೆ ನಮಸ್ಕಾರ. ಡಾಕ್ಟರು ಏನಂದರು ಅಂತ ಕೂಡಲೇ ಬರೆಯಿರಿ.

ನಿಮ್ಮ,
ಸುಮಾ